ಕಟ್ ದಾಟಿದರಷ್ಟೇ ಕೂಲಿ

ಗಾಲ್ಫ್ ಅಂದೊಡನೆ ಟೈಗರ್ ವುಡ್ಸ್ ನೆನಪಾಗುತ್ತಾರೆ, ಕೋಟಿಗಟ್ಟಲೆ ಡಾಲರ್ ನೆನಪಾಗುತ್ತದೆ. ಆದರೆ ಈ ಆಟವನ್ನೇ ನಂಬಿದವರಲ್ಲಿ ಹೆಚ್ಚಿನವರ ಬದುಕು ಸವೆಯುವುದು ಪಂದ್ಯಾವಳಿಗಳ ಸರಣಿಗಳಾದ ಕೆಳಹಂತದ ಟೂರ್‌ಗಳಲ್ಲಿ. ನಮ್ಮ ದೇಶದ್ದು ಪ್ರೊಫೆಷನಲ್ ಗಾಲ್ಫ್ ಟೂರ್ ಆಫ್ ಇಂಡಿಯಾ, ಅಂದರೆ ಪಿಜಿಟಿಐ. 2006ರಲ್ಲಿ ಶುರುವಾಯಿತು. ಅದರ ಮೇಲೆ ಏಷ್ಯನ್ ಟೂರ್, ಇನ್ನೂ ಮೇಲೆ ಯುರೋಪಿನ ಡಿಪಿ ವರ್ಲ್ಡ್ ಟೂರ್, ತುತ್ತತುದಿಯಲ್ಲಿ ಅಮೆರಿಕದ ಪಿಜಿಎ ಟೂರ್.

ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಕೋಣೆ ಹಿಡಿದು ಯುಪಿಎಸ್‌ಸಿಗೆ ಓದುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಈ ವ್ಯವಸ್ಥೆ ಬೇಗ ಅರ್ಥವಾದೀತು. ಪ್ರಿಲಿಮ್ಸ್ ದಾಟದೆ ಮೇನ್ಸ್ ಇಲ್ಲ. ಇಲ್ಲೂ ಕ್ವಾಲಿಫೈಯಿಂಗ್ ಸ್ಕೂಲ್ ಎಂಬ ಅರ್ಹತಾ ಸುತ್ತು ದಾಟದೆ ಟೂರ್‌ನಲ್ಲಿ ಆಡಲು ಬೇಕಾದ ಕಾರ್ಡ್ ಸಿಗದು. ಆದರೆ ಅಧಿಕಾರಿಯಾದವರಿಗೆ ಕೆಲಸ ಖಾಯಂ. ಗಾಲ್ಫ್ ಕಾರ್ಡಿನ ಆಯಸ್ಸು ಒಂದೇ ಹಂಗಾಮು. ವರ್ಷದ ಗಳಿಕೆಯ ಪಟ್ಟಿಯಲ್ಲಿ ಕೆಳಗೆ ಜಾರಿದವರು ಮತ್ತೆ ಅರ್ಹತಾ ಸುತ್ತಿಗೆ ಬರಬೇಕು.

ಒಂದು ವಾರ ಹೀಗಿರುತ್ತದೆ. ಸೋಮವಾರದ ಹೊತ್ತಿಗೆ ಪಂದ್ಯದ ಊರು ಸೇರಿ ಅಭ್ಯಾಸ. ಸಾಮಾನ್ಯವಾಗಿ ಮಂಗಳವಾರದಿಂದ ಶುಕ್ರವಾರದವರೆಗೆ ಆಟ, ದಿನಕ್ಕೆ 18 ಕುಳಿ. ಕಣದಲ್ಲಿ ನೂರಕ್ಕೂ ಹೆಚ್ಚು ಜನ. ಎರಡು ದಿನ ಮುಗಿದಾಗ ಮೊದಲ 50 ಸ್ಥಾನ ಮತ್ತು ಅದಕ್ಕೆ ಸಮನಾದವರನ್ನು ಉಳಿಸಿಕೊಂಡು ಗೆರೆ ಎಳೆಯುತ್ತಾರೆ. ಅದೇ ಕಟ್. ಗೆರೆಯಾಚೆ ಬಿದ್ದವರಿಗೆ ಬಹುಮಾನದಲ್ಲಿ ಬಿಡಿಗಾಸೂ ಇಲ್ಲ. ಬುಧವಾರ ಸಂಜೆ ಕೊನೆಯ ಕುಳಿಯ ಮುಂದೆ ನಿಂತವನಿಗೆ ಐದಡಿಯ ಒಂದು ಪಟ್, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ, ಬಾಕಿ ಇದೆ ಅನ್ನಿ. ಚೆಂಡು ಒಳಗೆ ಬಿದ್ದರೆ ಇನ್ನೆರಡು ದಿನದ ಆಟ, ಸಂಪಾದನೆ. ಅಂಚು ಸವರಿ ಹೊರಗುಳಿದರೆ ರೈಲಿನ ಟಿಕೆಟ್, ಲಾಡ್ಜಿನ ಬಾಡಿಗೆ, ಚೀಲ ಹೊರುವ ಕ್ಯಾಡಿಯ ಕೂಲಿ ಎಲ್ಲವೂ ಕೈಯಿಂದಲೇ. ಒಂದು ಕೋಟಿ ರೂಪಾಯಿಯ ಪಂದ್ಯಾವಳಿಯಲ್ಲಿ ಗೆದ್ದವರಿಗೆ 15 ಲಕ್ಷ. ಅಲ್ಲಿಂದ ಕೆಳಗೆ ಮೊತ್ತ ಬೇಗ ಕರಗುತ್ತದೆ. ಪ್ರಾಯೋಜಕರಿಲ್ಲದ ಆಟಗಾರನಿಗೆ ಸಾಲಾಗಿ ನಾಲ್ಕು ಕಟ್ ತಪ್ಪಿದರೆ ಅದು ಬರೀ ಆಟದ ಸೋಲಲ್ಲ, ಮನೆಯ ಸಂಕಟ.

ಹೀಗಿದ್ದೂ ಈ ಆಟ ಶ್ರೀಮಂತರ ಮಕ್ಕಳದ್ದಷ್ಟೇ ಆಗಿ ಉಳಿದಿಲ್ಲ. ನನಗೆ ಇದರಲ್ಲಿ ಅತ್ಯಂತ ಇಷ್ಟವಾಗುವ ಸಂಗತಿ ಅದೇ. ದೆಹಲಿ ಗಾಲ್ಫ್ ಕ್ಲಬ್ಬಿನ ಅಂಗಳ ನೋಡಿ: ಹಳೆಯ ಗೋರಿ ಗುಮ್ಮಟಗಳ ನಡುವೆ ಇಕ್ಕಟ್ಟಾದ ಹುಲ್ಲುದಾರಿ, ಎರಡೂ ಬದಿ ಮುಳ್ಳುಪೊದೆ. ದೂರ ಹೊಡೆಯುವ ಡ್ರೈವರ್ ಕೋಲನ್ನು ಜಾಣರು ಚೀಲದಿಂದ ತೆಗೆಯುವುದೇ ಅಪರೂಪ. ಇಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಪಂದ್ಯಾವಳಿ ಗೆದ್ದರು. ಆ ಪ್ರಶಸ್ತಿ ಪಡೆದ ಮೊದಲ ಭಾರತೀಯ ವೃತ್ತಿಪರ ಆಟಗಾರ ಅವರು. 1993ರಲ್ಲಿ ಮತ್ತೊಮ್ಮೆ ಗೆದ್ದರು.

ಕರ್ನಾಟಕದವರ ಸರದಿ 2009ರಲ್ಲಿ ಬಂತು. ಬೆಂಗಳೂರಿನಲ್ಲಿ ಬೇರೆಯವರ ಚೀಲ ಹೊತ್ತು ಆಟ ಕಲಿತ ಸಿ. ಮುನಿಯಪ್ಪ, ಗುರುಗ್ರಾಮದ ಡಿಎಲ್‌ಎಫ್ ಅಂಗಳದಲ್ಲಿ ಕೊರಿಯಾದ ಲೀ ಸಂಗ್ ಅವರನ್ನು ಪ್ಲೇಆಫ್‌ನಲ್ಲಿ ಮಣಿಸಿ ಅದೇ ಇಂಡಿಯನ್ ಓಪನ್ ಎತ್ತಿಕೊಂಡರು. ಕರ್ನಾಟಕದಲ್ಲಿ ಈ ಹೆಸರು ಎಷ್ಟು ಮನೆಗಳಿಗೆ ಗೊತ್ತು? ಬಿಡದಿ ಬಳಿಯ ಈಗಲ್ಟನ್‌ನಲ್ಲಿ ಆಡಿ ಬೆಳೆದ ಎಸ್. ಚಿಕ್ಕರಂಗಪ್ಪ ಕೂಡ ಪಿಜಿಟಿಐ ಪಂದ್ಯಗಳನ್ನು ಒಂದಾದ ಮೇಲೊಂದು ಗೆದ್ದವರು. ಪತ್ರಿಕೆಗಳಲ್ಲಿ ಕ್ರಿಕೆಟಿಗೆ ಮೀಸಲಿಟ್ಟ ಜಾಗದ ಒಂದು ಮೂಲೆಯೂ ಇಂಥವರಿಗೆ ಸಿಗದಿರುವುದು ಅನ್ಯಾಯ.

ಮೇಲೇರುವ ಏಣಿ ಈಗ ಸ್ವಲ್ಪ ಗಟ್ಟಿಯಾಗಿದೆ. ಪಿಜಿಟಿಐ ಗಳಿಕೆ ಪಟ್ಟಿಯ ಮೊದಲಿಗರಿಗೆ ಡಿಪಿ ವರ್ಲ್ಡ್ ಟೂರ್‌ನ ಕಾರ್ಡ್ ಸಿಗುತ್ತದೆ. ಮಧ್ಯಪ್ರದೇಶದ ಮ್ಹೌನ ಓಂ ಪ್ರಕಾಶ್ ಚೌಹಾಣ್ 2023ರಲ್ಲಿ, ವೀರ್ ಅಹ್ಲಾವತ್ 2024ರಲ್ಲಿ ಹಾಗೆ ಯುರೋಪಿಗೆ ದಾರಿ ಮಾಡಿಕೊಂಡರು. ಆದರೆ ಅದು ವರ್ಷಕ್ಕೆ ಒಬ್ಬರ ಮಾತಾಯಿತು. ಪತ್ರಿಕೆಯಲ್ಲಿ ಗಾಲ್ಫ್ ಅಂಕಪಟ್ಟಿ ಕಂಡಾಗ ಗೆದ್ದವರ ಹೆಸರಿಗೇ ನಿಲ್ಲಬೇಡಿ. ಐವತ್ತನೆಯ ಸ್ಥಾನದ ಆಸುಪಾಸಿನ ಹೆಸರುಗಳನ್ನೂ ಒಮ್ಮೆ ಓದಿ.