ಮಳೆಯಲ್ಲಿ ಮೊಬೈಲ್ ಟಚ್ ಕೈಕೊಡುವುದೇಕೆ? ಗಾಜಿನಡಿಯ ಕಾಣದ ತಂತಿ ಬಲೆ ಕೆಲಸ ಮಾಡುವುದು ಹೀಗೆ

ಮುಂಬೈ: ಜುಲೈ ತಿಂಗಳ ಮಳೆ. ದಾದರ್ ನಿಲ್ದಾಣದ ಹೊರಗೆ ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ಮೊಬೈಲ್. ಲೋಕಲ್ ರೈಲಿನ ಪೇಪರ್‌ಲೆಸ್ ಟಿಕೆಟನ್ನು ಆ್ಯಪ್‌ನಲ್ಲಿ ತೆಗೆಯುವವರು ಪ್ಲಾಟ್‌ಫಾರ್ಮ್‌ಗೆ ಕಾಲಿಡುವ ಮೊದಲೇ ಆ ಕೆಲಸ ಮುಗಿಸಬೇಕು.  ಆದರೆ ಸ್ಕ್ರೀನ್ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಒತ್ತಿದ್ದು ಒಂದು ಕಡೆ, ತೆರೆದುಕೊಳ್ಳುವುದು ಇನ್ನೊಂದು ಕಡೆ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಪ್ರಯಾಣ ದರದ ಜತೆಗೆ ಕನಿಷ್ಠ 250 ರೂ. ದಂಡ. 'ಸ್ಕ್ರೀನ್ ಒದ್ದೆಯಾಗಿತ್ತು ಸಾರ್' ಎಂದರೆ ಟಿಸಿ ಕೇಳುವುದಿಲ್ಲ.

ಹಾಗಾದರೆ ನೀರಿಗೂ ಟಚ್‌ಗೂ ಏನು ಸಂಬಂಧ? ಉತ್ತರ ಇರುವುದು ಗಾಜಿನ ಕೆಳಗೆ ಕಣ್ಣಿಗೆ ಕಾಣದಂತೆ ಹಾಸಿರುವ ಎಲೆಕ್ಟ್ರೋಡ್‌ಗಳಲ್ಲಿ.

ಇಂದಿನ ಫೋನ್‌ಗಳಲ್ಲಿರುವ ಕೆಪಾಸಿಟಿವ್ ಸ್ಕ್ರೀನ್‌ಗೆ ಒತ್ತಡ ಬೇಕಿಲ್ಲ, ಬೆರಳು ತಾಗಿದರೆ ಸಾಕು. ಒಳಗೆ ಎಲೆಕ್ಟ್ರೋಡ್‌ಗಳು ಅಡ್ಡಸಾಲು ಮತ್ತು ಉದ್ದಸಾಲುಗಳಲ್ಲಿರುತ್ತವೆ. ಒಂದು ಸಾಲು ಸಿಗ್ನಲ್ ಕಳಿಸಿದರೆ ಇನ್ನೊಂದು ಸ್ವೀಕರಿಸುತ್ತದೆ. ಎರಡೂ ಸಂಧಿಸುವ ಪ್ರತಿ ಜಾಗವೂ ಒಂದು ಪುಟಾಣಿ ಕೆಪಾಸಿಟರ್. ಅದರ ಸಾಮರ್ಥ್ಯ ಸುಮಾರು ಒಂದು ಪಿಕೋಫ್ಯಾರಡ್, ಅಂದರೆ ಒಂದು ಫ್ಯಾರಡ್‌ನ ಲಕ್ಷ ಕೋಟಿಯಲ್ಲಿ ಒಂದು ಪಾಲು. ನಮ್ಮ ದೇಹ ವಿದ್ಯುತ್ ವಾಹಕವಾದ್ದರಿಂದ ಬೆರಳು ಹತ್ತಿರ ಬಂದಾಗ ಇದರಲ್ಲೂ ಸ್ವಲ್ಪ ಕಡಿಮೆಯಾಗುತ್ತದೆ. ಆ ಚೂರು ವ್ಯತ್ಯಾಸವನ್ನು ಗುರುತಿಸಿ, ಬೆರಳು ಎಲ್ಲಿದೆ ಎಂದು ಚಿಪ್ ಲೆಕ್ಕ ಹಾಕುತ್ತದೆ.

ಮಳೆ ಹನಿ ಮಾಡುವುದು ಇದಕ್ಕೆ ಉಲ್ಟಾ. ಬಿಡಿ ಹನಿಯೊಂದು ಎರಡು ಸಾಲುಗಳ ನಡುವೆ ಸೇತುವೆಯಂತೆ ಕೂತು ಆ ಸಾಮರ್ಥ್ಯವನ್ನು ಹೆಚ್ಚಿಸುತ್ತದೆ. ಒಳ್ಳೆಯ ಚಿಪ್ ಈ ವ್ಯತ್ಯಾಸ ನೋಡಿಯೇ 'ಇದು ಬೆರಳಲ್ಲ' ಎಂದು ಹನಿಯನ್ನು ಬದಿಗಿಡುತ್ತದೆ. ಸಮಸ್ಯೆ ಶುರುವಾಗುವುದು ಹನಿಗಳು ಒಂದಾಗಿ ಹರಡಿ ಕೈಗೂ ತಾಗಿದಾಗ. ಆಗ ಇಡೀ ನೀರಿನ ಪದರವೇ ದೊಡ್ಡದೊಂದು ಬೆರಳಾಗಿಬಿಡುತ್ತದೆ. ಬೆವರಿನ ಉಪ್ಪು ಸೇರಿದರೆ ಇನ್ನೂ ಕಷ್ಟ. ಗಾಜನ್ನೂ ಬೆರಳನ್ನೂ ಒರೆಸಿಕೊಳ್ಳುವುದು ಬಿಟ್ಟು ಇದಕ್ಕೆ ಬೇರೆ ಸುಲಭ ಉಪಾಯವಿಲ್ಲ.

ಬೆರಳು ಯಾವುದು, ನೀರು ಯಾವುದು ಎಂದು ಖಚಿತವಾಗಿ ಹೇಳಲು ಚಿಪ್ ಒಂದೇ ಸೆಕೆಂಡಿನಲ್ಲಿ ಹಲವು ಸಲ, ಬೇರೆ ಬೇರೆ ವಿಧಾನದಲ್ಲಿ ಅಳತೆ ಮಾಡಬೇಕು. ಎಲೆಕ್ಟ್ರೋಡ್‌ನಲ್ಲಿ ಸಿಗ್ನಲ್ ಬೇಗ ಓಡಿದರೆ ಮಾತ್ರ ಇದು ಸಾಧ್ಯ. ತಂತಿ ಬಲೆಯ ಮಹತ್ವ ಇರುವುದೇ ಇಲ್ಲಿ.

ಬಲೆ ಏಕೆ ಬೇಕು?

ಬಹುಕಾಲದಿಂದ ಬಳಕೆಯಲ್ಲಿರುವ ಪಾರದರ್ಶಕ ವಾಹಕ ಇಂಡಿಯಂ ಟಿನ್ ಆಕ್ಸೈಡ್, ಅಂದರೆ ಐಟಿಒ. ಗಾಜಿನಂತೆ ಕಾಣುತ್ತದೆ, ವಿದ್ಯುತ್ತನ್ನೂ ಹರಿಸುತ್ತದೆ. ಆದರೆ ಬಗ್ಗಿಸಿದರೆ ಬಿರುಕು ಬಿಡುತ್ತದೆ. ಇಂಡಿಯಂ ಸತುವಿನ ಉಪ ಉತ್ಪನ್ನವಾಗಿ ಸಿಗುವ ಲೋಹ, ಚೀನಾ ಅದರ ದೊಡ್ಡ ಉತ್ಪಾದಕ. ಜತೆಗೆ ಟಚ್ ಸ್ಕ್ರೀನ್‌ಗೆ ಬಳಸುವ ಐಟಿಒ ಪದರದ ವಿದ್ಯುತ್ ರೋಧ ಪ್ರತಿ ಚದರಕ್ಕೆ ಸುಮಾರು 100 ಓಮ್. ಅಂಗೈಯಗಲದ ಫೋನ್‌ಗೆ ಇದು ನಡೆಯುತ್ತದೆ. ಶಾಲೆಯ ಗೋಡೆಗೆ ಹಾಕುವ ದೊಡ್ಡ ಡಿಜಿಟಲ್ ಬೋರ್ಡ್‌ನಲ್ಲಿ ಸಿಗ್ನಲ್ ಆಚೆ ತುದಿ ಮುಟ್ಟುವಷ್ಟರಲ್ಲಿ ಬಸವಳಿದಿರುತ್ತದೆ.

ತಾಮ್ರ ಅಥವಾ ಬೆಳ್ಳಿಯ ಬಲೆಯಾದರೆ ಈ ರೋಧ ಕೆಲವೇ ಓಮ್‌ಗೆ ಇಳಿಯುತ್ತದೆ. ಲೋಹ ಪಾರದರ್ಶಕವಲ್ಲ ನಿಜ. ಆದರೆ 5 ಮೈಕ್ರಾನ್ ಅಗಲದ ತಂತಿಗಳನ್ನು 250 ಮೈಕ್ರಾನ್‌ಗೊಂದರಂತೆ ಹಾಕಿದರೆ ಸುಮಾರು ಶೇ 96ರಷ್ಟು ಜಾಗ ಖಾಲಿಯೇ ಉಳಿಯುತ್ತದೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ, ಅದರ ಮುಂದೆ ಈ ತಂತಿ ಕಣ್ಣಿಗೆ ಬೀಳುವುದೇ ಇಲ್ಲ. ಐಟಿಒದಂತೆ ಸುಲಭವಾಗಿ ಬಿರುಕು ಬಿಡದ ಕಾರಣ ಮಡಚುವ ಫೋನ್‌ಗಳಿಗೂ ಲೋಹದ ಬಲೆಯೇ ಅನುಕೂಲ.

ತಂತಿ ಅಗಲವಾದರೆ ಗೆರೆ ಕಾಣುತ್ತದೆ, ತೀರಾ ಸಪೂರವಾದರೆ ತಯಾರಿಕೆಯ ಹಂತದಲ್ಲೇ ತುಂಡಾಗುತ್ತದೆ. ಹೊಳೆಯುವ ಲೋಹಕ್ಕೆ ಕಪ್ಪು ಲೇಪ ಕೊಡಬೇಕು. ಮುಂಬೈನಂಥ ಕಡಲೂರಿನ ಉಪ್ಪುಗಾಳಿಗೆ ತಾಮ್ರ ಕಿಲುಬು ಹಿಡಿಯದಂತೆ ರಕ್ಷಣಾ ಪದರವೂ ಬೇಕು. ಇನ್ನು ಒಂದು ಎಲೆಕ್ಟ್ರೋಡ್‌ನಿಂದ ಇನ್ನೊಂದನ್ನು ಬೇರ್ಪಡಿಸಲು ಬಲೆಯನ್ನು ಅಲ್ಲಲ್ಲಿ ಕತ್ತರಿಸಲೇಬೇಕು. ಆ ಕತ್ತರಿ ಗುರುತು ಎದ್ದು ಕಾಣಬಾರದೆಂದು, ನಡುವಿನ ಖಾಲಿ ಜಾಗದಲ್ಲಿ ಯಾವುದಕ್ಕೂ ಸಂಪರ್ಕವಿಲ್ಲದ 'ಡಮ್ಮಿ' ಬಲೆ ತುಂಬುತ್ತಾರೆ.

ಎಲ್ಲಕ್ಕಿಂತ ದೊಡ್ಡ ತಲೆನೋವು ಮೊಯ್ರೆ. ಎರಡು ಸೊಳ್ಳೆ ಪರದೆಗಳನ್ನು ಒಂದರ ಮೇಲೊಂದು ಹಿಡಿದು ನೋಡಿ, ಪರದೆಯಲ್ಲಿಲ್ಲದ ಅಲೆ ಅಲೆ ಗೆರೆಗಳು ಕಾಣುತ್ತವೆ. ಸ್ಕ್ರೀನ್‌ನ ಪಿಕ್ಸೆಲ್‌ಗಳದ್ದೂ ಒಂದು ಜಾಲ, ಟಚ್‌ನದ್ದೂ ಒಂದು ಜಾಲ. ಎರಡೂ ಕೂಡಿದರೆ ಅದೇ ಅಲೆ. ಇದನ್ನು ತಪ್ಪಿಸಲು ವಿನ್ಯಾಸಕರು ಬಲೆಯನ್ನು ಓರೆಯಾಗಿ ತಿರುಗಿಸುತ್ತಾರೆ, ಅಂತರ ಬದಲಿಸುತ್ತಾರೆ, ಇಲ್ಲವೇ ಬಲೆಯ ಕ್ರಮವನ್ನೇ ಕೆಡಿಸುತ್ತಾರೆ.

ಬೆಂಗಳೂರಿನ ಬಿರುಕಿನ ಬಲೆ

ಈ ಕ್ರಮ ಕೆಡಿಸುವ ಕೆಲಸದಲ್ಲಿ ಬೆಂಗಳೂರಿನ ವಿಜ್ಞಾನಿಗಳದ್ದು ದೊಡ್ಡ ಹೆಸರು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಮತ್ತು ಸೆಂಟರ್ ಫಾರ್ ನ್ಯಾನೋ ಅಂಡ್ ಸಾಫ್ಟ್ ಮ್ಯಾಟರ್ ಸೈನ್ಸಸ್‌ನಲ್ಲಿ ಪ್ರೊ. ಜಿ.ಯು. ಕುಲಕರ್ಣಿ ಅವರ ತಂಡ ಬಿರುಕುಗಳನ್ನೇ ಅಚ್ಚಾಗಿ ಬಳಸಿತು. ಗಾಜಿನ ಮೇಲೆ ದ್ರಾವಣವೊಂದನ್ನು ಬಳಿದು ಒಣಗಲು ಬಿಟ್ಟರೆ, ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದ ಹಾಗೆ ಅದು ಸೀಳುತ್ತದೆ. ಮೇಲಿಂದ ಲೋಹ ಲೇಪಿಸಿ ಪದರವನ್ನು ತೊಳೆದುಬಿಟ್ಟರೆ ಬಿರುಕಿನೊಳಗಿನ ಲೋಹ ಮಾತ್ರ ಉಳಿಯುತ್ತದೆ. ಯಾವ ಕೆರೆಯ ಬಿರುಕೂ ಸಾಲಾಗಿರುವುದಿಲ್ಲವಲ್ಲ, ಹಾಗಾಗಿ ಮೊಯ್ರೆ ಕಾಟ ಕಡಿಮೆ. ದುಬಾರಿ ಲಿಥೋಗ್ರಫಿ ಯಂತ್ರವೂ ಬೇಕಿಲ್ಲ. ಇಂಥ ವಾಹಕ ಗಾಜಿನ ಉತ್ಪಾದನಾ ವೆಚ್ಚ ಐಟಿಒಗಿಂತ ಶೇ 80ರಷ್ಟು ಕಡಿಮೆಯಾಗಲಿದೆ ಎಂದು ಸಂಶೋಧಕರು ಹೇಳಿದ್ದರು. ಆದರೆ ಗಾಜು ತುಸು ಮಸುಕಾಗುತ್ತದೆ, ತಂತಿಗಳ ಅಗಲ ಒಂದೇ ಸಮ ಇರುವುದಿಲ್ಲ. ಫೋನ್‌ಗಿಂತ ದೊಡ್ಡ ಫಲಕ, ಕಿಟಕಿಗಳಿಗೆ ಇದು ಹೆಚ್ಚು ಹೊಂದುತ್ತದೆ ಎನ್ನಬಹುದು.

ಕೊರೊನಾ ಕಾಲದಲ್ಲಿ ಇವೇ ಎರಡು ಸಂಸ್ಥೆಗಳ ವಿಜ್ಞಾನಿಗಳು ಮುದ್ರಣ ವಿಧಾನದಿಂದ ಅಗ್ಗದ ಸೆನ್ಸರ್ ಒಂದನ್ನೂ ರೂಪಿಸಿದರು. 9 ಸೆಂ.ಮೀ. ದೂರದಲ್ಲಿರುವ ಬೆರಳನ್ನು ಅದು ಗುರುತಿಸುತ್ತದೆ. ಎಟಿಎಂ, ಟಿಕೆಟ್ ಯಂತ್ರದಂಥ ಕಡೆ ದಿನಕ್ಕೆ ಸಾವಿರಾರು ಜನ ಮುಟ್ಟುವ ಗಾಜನ್ನು ಮುಟ್ಟದೆಯೇ ಬಳಸುವಂತಾಗಲಿ ಎಂಬುದು ಅದರ ಉದ್ದೇಶವಾಗಿತ್ತು.