ಹೊಳೆಯಾಚೆಯ ಹುಡುಗಿ ಈಗ ಮನೆಯಿಂದಲೇ ಕಾಲೇಜಿಗೆ

ಬೆಳಿಗ್ಗೆ ಐದೂಕಾಲಿಗೆ ಎದ್ದು ಹಂಡೆ ಒಲೆಗೆ ಬೆಂಕಿ ಹಾಕುವುದು ಅವಳ ಪಾಲಿನ ಕೆಲಸ. ಮಳೆಗಾಲದಲ್ಲಿ ಅಡಿಕೆ ಸಿಪ್ಪೆ ಒದ್ದೆಯಾಗಿದ್ದರೆ ಮೊದಲು ಬಚ್ಚಲು ತುಂಬ ಹೊಗೆ, ಆಮೇಲೆ ಬೆಂಕಿ. ಸ್ನಾನ ಮುಗಿಸಿ, ಎರಡು ದೋಸೆ ತಿಂದು, ಇನ್ನೆರಡನ್ನು ಡಬ್ಬಿಗೆ ಹಾಕಿಕೊಂಡು ಆರೂವರೆಗೆ ಹೊರಟರೆ ಟಾರು ರಸ್ತೆಗೆ ಎರಡು ಕಿಲೋಮೀಟರ್ ನಡಿಗೆ. ಚೀಲದ ಹೊರಜೇಬಿನಲ್ಲಿ ಕಾಲಿಗೆ ಹತ್ತುವ ಉಂಬಳಕ್ಕೆಂದು ಉಪ್ಪಿನ ಪೊಟ್ಟಣ, ಒಳಗೆ ಭೌತಶಾಸ್ತ್ರದ ರೆಕಾರ್ಡ್ ಪುಸ್ತಕ, ಅದು ನೆನೆಯದಂತೆ ಗೊಬ್ಬರದ ಚೀಲದ ಒಳಪ್ಲಾಸ್ಟಿಕ್.

ನನ್ನ ತಂಗಿಯ ಮಗಳು ಇವಳು. ಹದಿನಾರು ವರ್ಷ. ಸಾಗರದಲ್ಲಿ ಪ್ರಥಮ ಪಿಯುಸಿ, ವಿಜ್ಞಾನದ ಜೊತೆಗೆ ಕಂಪ್ಯೂಟರ್ ತೆಗೆದುಕೊಂಡಿದ್ದಾಳೆ. ಊರಿರುವುದು ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. ಹೊರಗಿನ ಹೆಚ್ಚಿನವರಿಗೆ ಆ ಸೀಮೆ ಗೊತ್ತಿರುವುದು ಸಿಗಂದೂರು ಚೌಡೇಶ್ವರಿಯಿಂದ ಮತ್ತು ಹಿನ್ನೀರು ದಾಟಿಸುತ್ತಿದ್ದ ಲಾಂಚಿನಿಂದ. ವರ್ಷಕ್ಕೊಮ್ಮೆ ಬರುವವರಿಗೆ ಆ ಲಾಂಚು ಒಂದು ಖುಷಿಯ ಸವಾರಿಯಾಗಿತ್ತು. ಅಲ್ಲಿಯೇ ಹುಟ್ಟಿ ಬೆಳೆದ ನಮಗೆ ಓದು, ಹೆರಿಗೆ, ಮದುವೆ ದಿಬ್ಬಣ, ಜ್ವರ, ಎಲ್ಲವೂ ಸಂಜೆಯ ಕೊನೆಯ ಲಾಂಚಿಗೆ ಮೊದಲೇ ಮುಗಿಯಬೇಕಿತ್ತು.

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಹಿನ್ನೀರಿನ ಮೇಲೆ 2.44 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾಯಿತು. ಮಧ್ಯಭಾಗ ಕಂಬಗಳಿಂದ ಇಳಿಬಿಟ್ಟ ಕೇಬಲ್‌ಗಳ ಮೇಲೆ ನಿಂತಿದೆ. ಆ ವಾರ ಎಲ್ಲರೂ ಮಾತಾಡಿದ್ದು ಯಾತ್ರಿಕರ ಬಗ್ಗೆ, ಪ್ರವಾಸೋದ್ಯಮದ ಬಗ್ಗೆ. ಇವಳು ಆ ಹೊತ್ತಿಗೆ ಒಂದೂವರೆ ತಿಂಗಳಿಂದ ಸಾಗರದ ಹಾಸ್ಟೆಲಿನಲ್ಲಿದ್ದಳು. ಸೇತುವೆ ತೆರೆದ ಮುಂದಿನ ಭಾನುವಾರ ಟ್ರಂಕು ಸಮೇತ ಮನೆಗೆ ಬಂದು, "ಅಮ್ಮ, ನಾ ಇನ್ನು ಇಲ್ಲಿಂದ್ಲೇ ಹೋಗ್ತೆ" ಅಂದಳಂತೆ.

ತಂಗಿ ಬೇಡವೆಂದಳು. ದಿನಾ ಹೋಗಿಬರುವುದರಲ್ಲಿ ಓದು ಹಾಳಾಗುತ್ತದೆ ಎಂಬುದು ಅವಳ ಭಯ. ಆ ಭಯದ ಬೇರು ನನಗೆ ಗೊತ್ತು. ತಂಗಿ ಹತ್ತನೇ ತರಗತಿ ಪಾಸಾದ ವರ್ಷ ನಮ್ಮಪ್ಪ, ಹೆಣ್ಣುಹುಡುಗಿ ದಿನಾ ಹೊಳೆ ದಾಟಿ ಕತ್ತಲೆಗೆ ಬರುವುದು ಬೇಡ ಎಂದು ಓದು ನಿಲ್ಲಿಸಿದರು. ನನ್ನನ್ನು ಮಾತ್ರ ಸಾಗರದ ನೆಂಟರ ಮನೆಯಲ್ಲಿಟ್ಟು ಓದಿಸಿದರು. ಅವಳ ಅಂಕ ನನಗಿಂತ ಹೆಚ್ಚಿತ್ತು. ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಮಗಳ ಓದಿಗೆ ಏನೂ ಅಡ್ಡ ಬರಬಾರದೆಂದು ಅವಳು ಅಷ್ಟು ಹೆದರುವುದು ಅದಕ್ಕೇ. ಮಗಳು ಪಟ್ಟು ಬಿಡಲಿಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಇಳಿದರೆ ಹಾಸ್ಟೆಲಿಗೆ ವಾಪಸ್ ಎಂಬ ಒಪ್ಪಂದವಾಯಿತು. ಅಂಕ ಇಳಿಯಲಿಲ್ಲ.

ಹಾಸ್ಟೆಲ್ ಬಿಟ್ಟು ಬರುವಂಥದ್ದು ಮನೆಯಲ್ಲಿ ಏನಿತ್ತು? ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಸಂಜೆ" ಅಂದಳು.

ಆ ಸಂಜೆಯಲ್ಲಿ ಏನಿರುತ್ತದೆ ಎಂದು ನಾನು ಒಂದು ವಾರ ಅವರ ಮನೆಯಲ್ಲೇ ಉಳಿದು ನೋಡಿದೆ. ಕರುವಿಗೆ ಹಾಲು ಬಿಡುವುದು ಅವಳೇ. ಚಾ ಕುಡಿದು ಮನೆಯ ಹಿಂದಿನ ದಿಬ್ಬ ಹತ್ತುತ್ತಾಳೆ, ನೆಟ್‌ವರ್ಕ್ ಸಿಗುವುದು ಅಲ್ಲಿನ ನೇರಳೆ ಮರದ ಬುಡದಲ್ಲಿ ಮಾತ್ರ. ಅಮ್ಮನ ಫೋನಿನಲ್ಲಿ ಗಣಿತದ ಒಂದೆರಡು ಪಾಠಗಳನ್ನು ಇಳಿಸಿಕೊಂಡು, ಗೆಳತಿಯರ ಮೆಸೇಜಿಗೆ ಉತ್ತರ ಬರೆದು, ಒಂದಿಷ್ಟು ರೀಲ್ಸ್ ನೋಡಿ ಇಳಿಯುತ್ತಾಳೆ. ಕೋವಿಡ್ ಕಾಲದಲ್ಲಿ ಅದೇ ಮರದ ಕೆಳಗೆ ಊರಿನ ಅಷ್ಟೂ ಮಕ್ಕಳು ಕೊಡೆ ಹಿಡಿದು ಪಾಠ ಕೇಳಿದ್ದು. ಅಡಿಕೆ ಕೊಯ್ಲು ಶುರುವಾದರೆ ರಾತ್ರಿ ಮೆಟ್ಟುಗತ್ತಿ ಮುಂದೆ ಕೂರುತ್ತಾಳೆ. ಸುಲಿಯುತ್ತ ಸುಲಿಯುತ್ತ ರಸಾಯನಶಾಸ್ತ್ರದ ಸೂತ್ರಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾಳೆ, ಅಜ್ಜಿ ಹೂಂಗುಟ್ಟುತ್ತದೆ.

ಅಜ್ಜಿಯ ಜೊತೆಗಿನ ಇನ್ನೊಂದು ಕೆಲಸವೇ ಅವಳಿಗೆ ಎಲ್ಲಕ್ಕಿಂತ ಇಷ್ಟ: ಚಿತ್ತಾರ. ನಮ್ಮ ದೀವರ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಬರೆಯುತ್ತಾರೆ, ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಬರೆಯುತ್ತಾರೆ. ಬಿದಿರಿನ ಬುಟ್ಟಿಗೆ ಮೊದಲು ಸಗಣಿ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿಯಬೇಕು. ಬಿಳಿ ಗೆರೆಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಹುರಿದು ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚವೆಂದರೆ ಪುಂಡಿ ನಾರಿನ ಎಳೆ. ಅದನ್ನು ಹಿಡಿದು ಅಳತೆಪಟ್ಟಿಯಿಲ್ಲದೆ ಎಳೆದ ಗೆರೆ ಒಂದಕ್ಕೊಂದು ಸಮನಾಗಿ ಬರಬೇಕು. 2025ರ ಅಕ್ಟೋಬರಿನ ಹುಣ್ಣಿಮೆಗೆ ಅವಳು ಮೊದಲ ಸಲ ಇಡೀ ಬುಟ್ಟಿಯನ್ನು ತಾನೊಬ್ಬಳೇ ಬರೆದಳು. ನಾಲ್ಕು ಸಂಜೆ ಹಿಡಿಯಿತು. ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿ ಒಂದು ಮೂಲೆಯ ಗೆರೆ ಅಳಿಸಿ ಮತ್ತೆ ಬರೆಸಿತು. ಹಬ್ಬದ ದಿನ ಬೆಳಗಿನ ಜಾವ ಆ ಬುಟ್ಟಿಯಲ್ಲೇ ಕಡುಬು, ಬೆರಕೆ ಸೊಪ್ಪಿನ ಅಂಬಲಿ ಗದ್ದೆಗೆ ಹೋಯಿತು. ಹೊಡೆ ತುಂಬಿದ ಭತ್ತದ ಗದ್ದೆ ಬಸುರಿ ಎಂಬ ಲೆಕ್ಕ. ಬಸುರಿಯ ಬಯಕೆ ತೀರಿಸಿ ಬರುವ ಹಬ್ಬ ಅದು.

ಹಾಸ್ಟೆಲಿನಲ್ಲೇ ಇದ್ದಿದ್ದರೆ ಆ ಬುಟ್ಟಿ ಖಾಲಿ ಉಳಿಯುತ್ತಿತ್ತು. ಅವಳ ಅಕ್ಕ ಹಾಸ್ಟೆಲಿನಲ್ಲಿ ಓದಿದ ಐದು ವರ್ಷವೂ ಭೂಮಿ ಹುಣ್ಣಿಮೆಗೆ ಬರಲಾಗಲಿಲ್ಲ. ಒಳ್ಳೆಯ ಅಂಕ ಬಂತು, ಒಳ್ಳೆಯ ಕೆಲಸವೂ ಸಿಕ್ಕಿತು. ಚಿತ್ತಾರ ಮಾತ್ರ ಅವಳ ಕೈಗೆ ಬರಲಿಲ್ಲ.

ರಜೆಯ ವಿಷಯಕ್ಕೆ ಬಂದರೆ, ನಮ್ಮ ಕಡೆ ಮಕ್ಕಳಿಗೆ ದಸರೆ, ಬೇಸಿಗೆಯ ಜೊತೆಗೆ ಮೂರನೆಯದೊಂದಿದೆ, ಮಳೆ ರಜೆ. ಜುಲೈ, ಆಗಸ್ಟಿನಲ್ಲಿ ಹಿಡಿದು ಹೊಡೆಯುವ ಮಳೆಗೆ ಜಿಲ್ಲಾಡಳಿತ ರಜೆ ಸಾರುತ್ತದೆ, ಆಮೇಲೆ ಶನಿವಾರಗಳಲ್ಲಿ ಪಾಠ ತುಂಬಿಸುತ್ತಾರೆ. ರಜೆಯ ಸುದ್ದಿ ವಾಟ್ಸ್ಆ್ಯಪಿನಲ್ಲಿ ಬರುವ ಹೊತ್ತಿಗೆ ಇವಳು ಹಳ್ಳದ ಸಂಕ ದಾಟಿ, ನೆಟ್‌ವರ್ಕ್ ಇಲ್ಲದ ದಾರಿಯಲ್ಲಿರುತ್ತಾಳೆ. ಎರಡು ಸಲ ಸಾಗರದವರೆಗೂ ಹೋಗಿ, ಬೀಗ ಹಾಕಿದ ಗೇಟು ನೋಡಿ ವಾಪಸಾಗಿದ್ದಾಳೆ. "ಹಿಂದಿನ ರಾತ್ರಿಯೇ ಹೇಳಿದ್ರೆ ಏನಾಗ್ತದೆ ಮಾವ?" ಎಂದು ಕೇಳುತ್ತಾಳೆ. ಅವಳ ಪ್ರಶ್ನೆ ಸರಿಯಿದೆ.

ಬೇಸಿಗೆ ರಜೆಯೆಂದರೆ ಅಪ್ಪೆಮಿಡಿ ಕೊಯ್ಯುವುದು, ಹಲಸಿನ ಹಪ್ಪಳ ಒಣಗಿಸುವುದು, ಕಾಗೆ ಕಾಯುವುದು. 2023ರ ಬೇಸಿಗೆ ಮಾತ್ರ ಬೇರೆಯೇ ಇತ್ತು. ಮಳೆ ತಡವಾಗಿ ಹಿನ್ನೀರು ತಳ ಹಿಡಿದಿತ್ತು. ಮಡೆನೂರಿನ ಹತ್ತಿರ ಹಳೆಯ ಹಿರೇಭಾಸ್ಕರ ಅಣೆಕಟ್ಟು ನೀರಿನಿಂದ ಎದ್ದು ಕಾಣಿಸಿಕೊಂಡಿತು. ಜೋಗದ ವಿದ್ಯುತ್ತಿಗಾಗಿ 1940ರ ದಶಕದಲ್ಲಿ ಕಟ್ಟಿದ್ದ ಅಣೆಕಟ್ಟು ಅದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅದರ ನೀರಿನಲ್ಲಿ ಮುಳುಗಿತು. ಮನೆಯವರೆಲ್ಲ ನೋಡಲು ಹೋದರು. ಅಜ್ಜಿ ಅಣೆಕಟ್ಟಿನ ಕಡೆ ನೋಡಲೇ ಇಲ್ಲ. ಒಣಗಿ ಬಿರಿದ ಕೆಸರಿನ ಆಚೆ ಕೈ ತೋರಿಸಿ, ನಮ್ಮನೆ ಆ ಬದಿಗಿತ್ತು ಅಂದಿತು. ಮುಳುಗಡೆಯ ವರ್ಷ ಅಜ್ಜಿಗೆ ಎಂಟು ವರ್ಷ. ನಾಡಿಗೆಲ್ಲ ಬೆಳಕು ಕೊಟ್ಟ ಹೊಳೆಯ ದಂಡೆಯಲ್ಲಿ ಅಜ್ಜಿಯ ಮನೆ ಎಷ್ಟೋ ವರ್ಷ ಚಿಮಣಿ ಬುಡ್ಡಿಯಲ್ಲೇ ಉಳಿಯಿತು.

ಅಂದಿನಿಂದ ಯಾರಾದರೂ ತುಮರಿ ಕಡೆಯನ್ನು ದ್ವೀಪ ಎಂದು ಕರೆದರೆ ಇವಳು ತಿದ್ದುತ್ತಾಳೆ. "ದ್ವೀಪ ಆಗಿದ್ದು ನೀರು ನಿಲ್ಸಿದ ಮೇಲೆ. ಅಜ್ಜಿ ಸಣ್ಣಕಿದ್ದಾಗ ನಡ್ಕೊಂಡು ಹೋಗ್ತಿದ್ರು." ಅರವತ್ತೊಂದು ವರ್ಷ ಕಾಯಿಸಿ ಕೊಟ್ಟ ಸೇತುವೆಯನ್ನು ಉಡುಗೊರೆ ಎನ್ನುವುದು ಅವಳಿಗೆ ಒಪ್ಪಿಗೆಯಿಲ್ಲ. ನನಗೂ ಇಲ್ಲ.

ಸೇತುವೆ ಅವಳಿಗೆ ಬೇಕೇ ಬೇಕಿತ್ತು. ಆದರೂ ಲಾಂಚಿನ ನೆನಪಾಗುತ್ತದೆ ಎನ್ನುತ್ತಾಳೆ. ಲಾಂಚಿನವರು ಮಕ್ಕಳ ಹೆಸರು ಹಿಡಿದು ಕರೆಯುತ್ತಿದ್ದರು, ಯಾರದಾದರೂ ಬಸ್ಸು ತಡವಾದರೆ ಹೊರಡುವ ಮೊದಲು ದಡದ ಕಡೆ ನೋಡುತ್ತಿದ್ದರು. ಸೇತುವೆಯ ಮೇಲೆ ಈಗ ವಾರದ ಕೊನೆಗೆ ಕಾರು ನಿಲ್ಲಿಸಿ ಫೋಟೊ ತೆಗೆಯುವವರದ್ದೇ ಗದ್ದಲ. ಖಾಲಿ ಬಾಟಲಿ ನೀರಿಗೆ ಹೋಗುತ್ತದೆ. ಅದೇ ನೀರನ್ನು ನಮ್ಮ ದನ ಕುಡಿಯುತ್ತದೆ ಎಂದು ಅವರಿಗೆ ಹೇಳುವವರು ಯಾರು ಎಂಬುದು ಅವಳ ಪ್ರಶ್ನೆ.

ಅವಳ ದೊಡ್ಡ ತಕರಾರು ಬಸ್ಸಿನದು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ. ಆದರೆ ಮಲೆನಾಡಿನ ರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಕಾಲೇಜು ನಾಲ್ಕೂವರೆಗೆ ಬಿಟ್ಟರೆ ಇವಳು ಹತ್ತುವ ಬಸ್ಸು ಐದೂಮುಕ್ಕಾಲಿಗೆ. ಇಳಿಯುವಾಗ ಮಳೆಗಾಲದಲ್ಲಿ ಕತ್ತಲೆ, ಅಲ್ಲಿಂದ ಮತ್ತೆ ಎರಡು ಕಿಲೋಮೀಟರ್. ತಂಗಿ ಟಾರ್ಚು ಹಿಡಿದು ರಸ್ತೆಗೆ ಬಂದು ಕಾಯುತ್ತಾಳೆ.

ಒಂಬತ್ತನೇ ತರಗತಿಯಲ್ಲಿದ್ದಾಗ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಇವಳು ಎದ್ದು ನಿಂತು ಬಸ್ಸು ಕೇಳಿದ್ದಳು. ಸೇತುವೆ ಆಗಲಿ ನೋಡೋಣ ಎಂಬ ಉತ್ತರ ಬಂದಿತ್ತು. ಮಕ್ಕಳಿಗೆ ತಮಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕಿದೆ ಎಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. 1992ರಲ್ಲಿ ಭಾರತ ಆ ಒಡಂಬಡಿಕೆಯನ್ನು ಒಪ್ಪಿಕೊಂಡಿತು. ಆ ಅಭಿಪ್ರಾಯಕ್ಕೆ ಬೆಲೆ ಕೊಡಬೇಕೆಂಬುದೂ ಅದೇ ವಿಧಿಯಲ್ಲಿದೆ.

ಸೇತುವೆ ಆಗಿದೆ. ಬಸ್ಸಿನ ವೇಳೆ ಬರೆಯುವವರಲ್ಲಿ ನನ್ನ ವಿನಂತಿ ಇಷ್ಟೇ: ಒಂದು ದಿನ ಸಂಜೆ ನಾಲ್ಕೂವರೆಗೆ ಸಾಗರದ ಬಸ್ ನಿಲ್ದಾಣಕ್ಕೆ ಬನ್ನಿ. ಹೊಳೆಯಾಚೆಯ ಮಕ್ಕಳು ಅಲ್ಲಿ ಚೀಲ ಹೊತ್ತು ನಿಂತಿರುತ್ತಾರೆ. ಅವರನ್ನು ಕೇಳಿ, ಆಮೇಲೆ ಬರೆಯಿರಿ.