ಕೈರಲ್ ಪದಾರ್ಥಗಳ ಲೇಸರ್ ಪುಡಿ ಪರೀಕ್ಷೆ: ಮಾದರಿ ಸಲ್ಲಿಸುವವರಿಗೆ ಮಾಹಿತಿ

ಹರಳುಗಳ ಮಾದರಿಗಳನ್ನು ಲೇಸರ್ ಪರೀಕ್ಷೆಗೆ ಸಲ್ಲಿಸುವ ವಿದ್ಯಾರ್ಥಿಗಳು, ಸಂಶೋಧಕರು ಹಾಗೂ ಉದ್ದಿಮೆದಾರರ ತಿಳಿವಳಿಕೆಗಾಗಿ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

1. ಕೈರಲ್ ಅಣು ಎಂದರೇನು?
ಎಡಗಾಲಿನ ಪಾದರಕ್ಷೆಯು ಬಲಗಾಲಿನದರ ಪ್ರತಿಬಿಂಬದಂತಿದ್ದರೂ ಬಲಗಾಲಿಗೆ ಹೊಂದುವುದಿಲ್ಲ. ಹೀಗೆ ಎಡ, ಬಲ ಎಂಬ ಎರಡು ರೂಪಗಳುಳ್ಳ ಅಣುಗಳನ್ನು ಕೈರಲ್ ಅಣುಗಳೆನ್ನಲಾಗುತ್ತದೆ. 1848ರಲ್ಲಿ ಲೂಯಿ ಪಾಶ್ಚರ್ ಅವರು ಟಾರ್ಟಾರಿಕ್ ಆಮ್ಲದ ಲವಣವೊಂದರ ಎಡ-ಬಲ ಹರಳುಗಳನ್ನು ಕೈಯಿಂದಲೇ ಬೇರ್ಪಡಿಸಿದರು. ಔಷಧಗಳಲ್ಲಿ ಈ ಭೇದವು ಮಹತ್ವದ್ದಾಗಿದೆ. ಪಾರ್ಕಿನ್ಸನ್ ಕಾಯಿಲೆಗೆ ನೀಡುವ ಲೆವೊಡೋಪಾ ಔಷಧದಲ್ಲಿ ಎಡ ರೂಪವನ್ನು ಮಾತ್ರ ಬಳಸಲಾಗುತ್ತದೆ.

2. ಅರೇಖೀಯ ಪರಿಣಾಮ ಎಂದರೇನು?
ಅತಿ ಪ್ರಬಲವಾದ ಲೇಸರ್ ಬೆಳಕಿನ ಅಲ್ಪ ಭಾಗವನ್ನು ಕೆಲವು ಹರಳುಗಳು ಅರ್ಧ ತರಂಗಾಂತರದ ಬೆಳಕನ್ನಾಗಿ ಪರಿವರ್ತಿಸುತ್ತವೆ. ಲೇಸರ್‌ನ ತೀವ್ರತೆ ಎರಡು ಪಟ್ಟಾದಾಗ ಹೊಸ ಬೆಳಕು ನಾಲ್ಕು ಪಟ್ಟಾಗುವುದರಿಂದ ಇದಕ್ಕೆ ಅರೇಖೀಯ ಪರಿಣಾಮವೆಂದು ಹೆಸರು. 1961ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಪೀಟರ್ ಫ್ರಾಂಕನ್ ಮತ್ತು ಸಂಗಡಿಗರು ಸ್ಫಟಿಕಶಿಲೆಯ ಹರಳಿನ ಮೂಲಕ 694 ನ್ಯಾನೋಮೀಟರ್‌ನ ಕೆಂಪು ಬೆಳಕಿನಿಂದ 347 ನ್ಯಾನೋಮೀಟರ್‌ನ ನೇರಳಾತೀತ ಬೆಳಕನ್ನು ಪಡೆದರು.

3. ಇವೆರಡರ ಸಂಬಂಧ
ಹರಳಿನೊಳಗೆ ಪ್ರತಿ ಅಣುವಿಗೂ ಎದುರುಬದುರಾಗಿ ಅದರ ವಿಲೋಮ ರೂಪವಿದ್ದಲ್ಲಿ ಈ ಪರಿಣಾಮವು ಪರಸ್ಪರ ರದ್ದಾಗುತ್ತದೆ. ಕೈರಲ್ ಅಣುವಿನ ವಿಲೋಮವು ಮತ್ತೊಂದು ಕೈಯ ಅಣುವಾಗಿರುತ್ತದೆ. ಆದ್ದರಿಂದ ಒಂದೇ ಕೈಯ ಅಣುಗಳಿಂದಾದ ಹರಳಿನಲ್ಲಿ ಇಂತಹ ರದ್ದತಿಗೆ ಅವಕಾಶವಿಲ್ಲ. ಅಡುಗೆಮನೆಯ ಸಕ್ಕರೆಯ ಹರಳು ಇದಕ್ಕೆ ಉದಾಹರಣೆ. ಅದೇ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿದಾಗ ಅಣುಗಳು ದಿಕ್ಕಾಪಾಲಾಗುವುದರಿಂದ ಪುಡಿ ಪರೀಕ್ಷೆಯಲ್ಲಿ ಕಾಣುವಂತಹ ಬೆಳಕು ದೊರೆಯುವುದಿಲ್ಲ.

4. ಪುಡಿ ಪರೀಕ್ಷೆ
1968ರಲ್ಲಿ ಕರ್ಟ್ಜ್ ಮತ್ತು ಪೆರ‍್ರಿ ಅವರು ರೂಪಿಸಿದ ಈ ವಿಧಾನದಲ್ಲಿ ಸಾಮಾನ್ಯವಾಗಿ 1064 ನ್ಯಾನೋಮೀಟರ್‌ನ ಅಗೋಚರ ಲೇಸರ್ ಬೆಳಕನ್ನು ಪುಡಿಯ ಮೇಲೆ ಹಾಯಿಸಿ, ಹೊರಬರುವ 532 ನ್ಯಾನೋಮೀಟರ್‌ನ ಹಸಿರು ಬೆಳಕನ್ನು ಅಳೆಯಲಾಗುತ್ತದೆ.

5. ಗಮನಿಸಬೇಕಾದ ಅಂಶಗಳು
(ಅ) ಹಸಿರು ಬೆಳಕು ಕಂಡುಬಂದ ಮಾತ್ರಕ್ಕೆ ಮಾದರಿಯು ಕೈರಲ್ ಎಂದು ಸಿದ್ಧವಾಗುವುದಿಲ್ಲ. ಯೂರಿಯಾದ ಅಣು ಕೈರಲ್ ಅಲ್ಲದಿದ್ದರೂ ಅದರ ಹರಳು ಈ ಬೆಳಕನ್ನು ನೀಡುತ್ತದೆ.
(ಆ) ಬೆಳಕು ಕಾಣದಿದ್ದರೆ ಮಾದರಿಯು ಕೈರಲ್ ಅಲ್ಲವೆಂದೂ ತೀರ್ಮಾನಿಸಬಾರದು. ಪರಿಣಾಮವು ಕ್ಷೀಣವಾಗಿರಬಹುದು ಅಥವಾ ಬಣ್ಣದ ಮಾದರಿಯು ಹಸಿರು ಬೆಳಕನ್ನು ತಾನೇ ಹೀರಿಕೊಂಡಿರಬಹುದು.
(ಇ) ಎಡ ಮತ್ತು ಬಲ ರೂಪದ ಪುಡಿಗಳು ಸಮಾನ ಪ್ರಮಾಣದ ಬೆಳಕನ್ನು ನೀಡುವುದರಿಂದ, ಯಾವ ರೂಪವೆಂಬುದು ಈ ಪರೀಕ್ಷೆಯಿಂದ ತಿಳಿಯುವುದಿಲ್ಲ. ಅವುಗಳನ್ನು ಪ್ರತ್ಯೇಕಿಸಲು, ಸಕ್ಕರೆ ಕಾರ್ಖಾನೆಗಳಲ್ಲಿಯೂ ಬಳಸುವ ಪೋಲಾರಿಮೀಟರ್‌ನಂತಹ ಉಪಕರಣ ಅಗತ್ಯ.
(ಈ) ಮಾದರಿಯನ್ನು ಒಣಗಿಸಿ, ಜರಡಿ ಹಿಡಿದು ಸಲ್ಲಿಸುವುದು. ಕಣದ ಗಾತ್ರ ಬೇರೆಯಾದರೆ ಫಲಿತಾಂಶವೂ ಬದಲಾಗುವುದರಿಂದ, ಹೋಲಿಕೆಯ ಪುಡಿಯೂ ಅದೇ ಗಾತ್ರದ್ದಾಗಿರತಕ್ಕದ್ದು.
(ಉ) ಅಗೋಚರ ಲೇಸರ್ ಬೆಳಕು ಕಣ್ಣಿಗೆ ಅಪಾಯಕಾರಿ. ಸೂಕ್ತ ರಕ್ಷಣಾ ಕನ್ನಡಕವಿಲ್ಲದೆ ಪರೀಕ್ಷಾ ಸ್ಥಳವನ್ನು ಪ್ರವೇಶಿಸಬಾರದು.

ಆದುದರಿಂದ ಔಷಧ ಅಥವಾ ರಾಸಾಯನಿಕದ ಎಡ-ಬಲ ಶುದ್ಧತೆಗೆ ಪುಡಿ ಪರೀಕ್ಷೆಯ ವರದಿಯೊಂದನ್ನೇ ಆಧಾರವಾಗಿ ಪರಿಗಣಿಸದೆ, ಪ್ರತ್ಯೇಕ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.